ಇಂಗ್ಲೆಂಡಿನ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್: ದಾವಣಗೆರೆಯಿಂದ ಹೊರಡುವವರಿಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಸಂಗಾತಿಯ ಕೆಲಸದ ವೀಸಾಕ್ಕೆ ಅವಲಂಬಿತರಾಗಿ ಇಂಗ್ಲೆಂಡಿಗೆ ಹೋದವರಲ್ಲಿ ಬಿ.ಎಡ್. ಮಾಡಿದವರು ಇದ್ದೇ ಇರುತ್ತಾರೆ. ಆ ವೀಸಾದಲ್ಲಿ ಶಾಲೆಯ ಕೆಲಸಕ್ಕೆ ಅಡ್ಡಿಯಿಲ್ಲ. ಶಾಲೆಯೇ ವೀಸಾ ಕೊಡಿಸಿ ಸಹಾಯಕಿಯನ್ನು ಕರೆಸಿಕೊಳ್ಳುತ್ತದೆ ಎನ್ನುವ ಏಜೆಂಟನ ಮಾತನ್ನು ಮಾತ್ರ ನಂಬಬೇಡಿ.

ಟೀಚಿಂಗ್ ಅಸಿಸ್ಟೆಂಟ್, ಅಂದರೆ ತರಗತಿಯಲ್ಲಿ ಶಿಕ್ಷಕರಿಗೆ ನೆರವಾಗುವ ಕೆಲಸಕ್ಕೆ, ಸರ್ಕಾರ ಗೊತ್ತುಪಡಿಸಿದ ವಿದ್ಯಾರ್ಹತೆ ಇಲ್ಲ. ತೀರ್ಮಾನ ಆಯಾ ಶಾಲೆಯದು. ಸಾಮಾನ್ಯವಾಗಿ ಇಂಗ್ಲಿಷ್ ಮತ್ತು ಗಣಿತದಲ್ಲಿ ಅಲ್ಲಿನ ಮಕ್ಕಳು ಸುಮಾರು 16ನೇ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಸಮನಾದ ಮಟ್ಟ ಕೇಳುತ್ತಾರೆ. ನಮ್ಮ ಅಂಕಪಟ್ಟಿಗಳಿಗೆ ಯುಕೆ ಎನಿಕ್ ಸಂಸ್ಥೆಯಿಂದ ತತ್ಸಮಾನ ಪತ್ರ ಪಡೆಯಬಹುದು. ದಾವಣಗೆರೆ ವಿ.ವಿ. ಆರಂಭವಾದದ್ದು 2009ರಲ್ಲಿ. ಅದಕ್ಕೂ ಮೊದಲು ಕುವೆಂಪು ವಿ.ವಿ.ಯಲ್ಲಿ ಪದವಿ ಪಡೆದು ಘಟಿಕೋತ್ಸವ ಪ್ರಮಾಣಪತ್ರ ತೆಗೆದುಕೊಳ್ಳದವರು ವಿಮಾನ ಹತ್ತುವ ಮೊದಲೇ ಆ ವಿ.ವಿ. ಇರುವ ಶಂಕರಘಟ್ಟದ ಕೆಲಸ ಮುಗಿಸಿಕೊಳ್ಳಿ.

ಓದಿಗಿಂತ ಹೆಚ್ಚಾಗಿ ಅಲ್ಲಿನ ಶಾಲೆಯವರು ಜಾಲಾಡುವುದು ಹಿನ್ನೆಲೆಯನ್ನು. ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಡಿಬಿಎಸ್ ಎಂಬ ಅಪರಾಧ ದಾಖಲೆಯ ತಪಾಸಣೆ ಆಗಲೇಬೇಕು. ಬೇರೆ ದೇಶದಲ್ಲಿ ಇದ್ದು ಬಂದವರಿಂದ ಆ ದೇಶದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಇಲ್ಲಿ ನಮ್ಮವರು ಸಿಕ್ಕಿಬೀಳುವುದು ಹೆಸರಿನಲ್ಲಿ: ಅಂಕಪಟ್ಟಿಯಲ್ಲಿ ‘ಕವಿತಾ ಜಿ.ಎಂ.’, ಪಾಸ್‌ಪೋರ್ಟಿನಲ್ಲಿ ‘ಕವಿತಾ ಗೌಡ್ರ ಮಂಜಪ್ಪ’, ಮದುವೆಯ ನಂತರ ಗಂಡನ ಹೆಸರು ಬೇರೆ. ಬಳಸಿದ ಯಾವ ಹೆಸರನ್ನೂ ಬಿಡದೆ ಅರ್ಜಿಯಲ್ಲಿ ಬರೆಯಿರಿ. ಕೆಲಸ ಬಿಟ್ಟಿದ್ದ ವರ್ಷಗಳ ಬಗ್ಗೆಯೂ ಪ್ರಶ್ನೆ ಬರುತ್ತದೆ. ಮಗು ಚಿಕ್ಕದಿತ್ತು ಎನ್ನುವುದು ಒಪ್ಪಬಹುದಾದ ಉತ್ತರವೇ. ‘ಸಂಬಂಧಪಟ್ಟವರಿಗೆ’ ಎಂದು ಬರೆಸಿ ತಂದ ಅನುಭವ ಪತ್ರ ಸಾಲದು, ಹಳೆಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅವರೇ ಬರೆದು ವಿಚಾರಿಸುತ್ತಾರೆ. ಆದ್ದರಿಂದ ಶಾಲೆಯ ಅಧಿಕೃತ ಇಮೇಲ್ ವಿಳಾಸ ಕೇಳಿಟ್ಟುಕೊಳ್ಳಿ.

ಖಾಲಿ ಹುದ್ದೆಗಳು ಸರ್ಕಾರದ ‘ಟೀಚಿಂಗ್ ವೇಕೆನ್ಸೀಸ್’ ತಾಣದಲ್ಲಿ ಸಿಗುತ್ತವೆ. ಆದರೆ ನನ್ನನ್ನು ಕೇಳಿದರೆ, ಮೊದಲು ನಿಮ್ಮ ಮಗುವಿನ ಶಾಲೆಯಲ್ಲೇ ಸ್ವಯಂಸೇವಕರಾಗಿ ಮಕ್ಕಳ ಓದು ಕೇಳಲು ಹೋಗಿ. ಅಕ್ಷರಗಳ ಧ್ವನಿ ಕೂಡಿಸಿ ಓದು ಕಲಿಸುವ ಫೋನಿಕ್ಸ್ ಅಲ್ಲೇ ಕಿವಿಗೆ ಬೀಳುತ್ತದೆ. ನಮ್ಮ ಬಾಯಿಗೆ ‘ಮ’, ‘ಸ’ ಎಂದು ಅಕಾರ ಸೇರಿಸಿಯೇ ರೂಢಿ. ಅಲ್ಲಿ ‘ಮ್’, ‘ಸ್’ ಎಂದು ವ್ಯಂಜನದಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಮಗು ಶಬ್ದಗಳನ್ನು ಕೂಡಿಸಿ ಓದಲು ತಡವರಿಸುತ್ತದೆ.

ಜಾಹೀರಾತಿನ ಸಂಬಳ ನೋಡಿ ಹಿಗ್ಗಬೇಡಿ. ಎಫ್‌ಟಿಇ ಎಂದಿದ್ದರೆ ಅದು ವರ್ಷವಿಡೀ ಪೂರ್ಣಾವಧಿ ದುಡಿದರೆ ಸಿಗುವ ಮೊತ್ತ. ಶಾಲೆ ನಡೆಯುವ ವಾರಗಳಿಗಷ್ಟೇ ನೇಮಕವಾದವರ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಅದನ್ನೇ ಸಾಮಾನ್ಯವಾಗಿ 12 ಕಂತು ಮಾಡಿ ರಜೆಯ ತಿಂಗಳಲ್ಲೂ ಕೊಡುತ್ತಾರೆ.

ಪ್ರೌಢಶಾಲೆಗೆ ಗಣಿತ ಅಥವಾ ವಿಜ್ಞಾನ ಕಲಿಸುವ ತರಬೇತಿ ಮತ್ತು ಅನುಭವ ಇರುವವರು ಸಹಾಯಕ ಹುದ್ದೆಯಲ್ಲೇ ಉಳಿಯಬೇಕಿಲ್ಲ. 2023ರಿಂದ ಭಾರತದ ಶಿಕ್ಷಕರೂ ಕ್ಯೂಟಿಎಸ್ ಎಂಬ ಶಿಕ್ಷಕ ಮಾನ್ಯತೆಗೆ ನೇರವಾಗಿ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವೂ ಇಲ್ಲ.