ರಾತ್ರಿ ಫಿಟ್‌ನೆಸ್ ಬ್ಯಾಂಡ್ ಕಟ್ಟಿಕೊಂಡೇ ಮಲಗಬಹುದಾ? ನನ್ನ ಅನುಭವ

ನಾನು ರಾತ್ರಿಯೂ ಬ್ಯಾಂಡ್ ಕಟ್ಟಿಕೊಂಡೇ ಮಲಗುತ್ತೇನೆ. ಶುರುವಿನಲ್ಲಿ ನಿದ್ದೆ ಕೆಟ್ಟಿದ್ದು ನಿಜ. ಆದರೆ ಅದಕ್ಕೆ ಕಾರಣ ಹುಡುಕುತ್ತಾ ಹೋದಾಗ, ಕೈಗೆ ಆಗುವ ಕಿರಿಕಿರಿಗಿಂತ ತಲೆಯೊಳಗಿನ ಕಿರಿಕಿರಿಯೇ ಜಾಸ್ತಿ ಅಂತ ಗೊತ್ತಾಯಿತು.

ಕೈಯದ್ದು ಸುಲಭವಾಗಿ ಸರಿಹೋಯಿತು. ಮಗ್ಗುಲು ಬದಲಿಸಿದಾಗಲೆಲ್ಲ ಸ್ಕ್ರೀನ್ ಹೊತ್ತಿಕೊಳ್ಳುತ್ತಿತ್ತು, ಮೆಸೇಜ್ ಬಂದರೆ ನಡುಗುತ್ತಿತ್ತು. ಸ್ಲೀಪ್ ಮೋಡ್ ಹಾಕಿದೆ, ಎರಡೂ ನಿಂತವು. ಸಿಲಿಕೋನ್ ಪಟ್ಟಿಯ ಕೆಳಗೆ ಬೆವರು ನಿಂತು ತುರಿಸುತ್ತಿದ್ದರಿಂದ ಬಟ್ಟೆಯ ಪಟ್ಟಿಗೆ ಬದಲಾಯಿಸಿ, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಷ್ಟು ಮೇಲೆ, ಗುರುತು ಬೀಳದಷ್ಟು ಸಡಿಲವಾಗಿ ಕಟ್ಟಿದೆ. ತೀರಾ ಸಡಿಲ ಮಾಡಬೇಡಿ. ಬ್ಯಾಂಡ್‌ನ ಅಡಿಯಿಂದ ಚರ್ಮದ ಮೇಲೆ ಬೀಳುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಅದು ಎಷ್ಟು ಹೆಚ್ಚುಕಮ್ಮಿ ಆಯಿತು ಅಂತ ನೋಡಿಯೇ ಬ್ಯಾಂಡ್ ಎದೆಬಡಿತ ಎಣಿಸುವುದು. ಸಡಿಲವಾದರೆ ಬೆಳಕು ಹೊರಗೆ ಸೋರುತ್ತದೆ, ಲೆಕ್ಕವೂ ತಪ್ಪುತ್ತದೆ.

ತಲೆಯದ್ದಕ್ಕೆ ಸಮಯ ಹಿಡಿಯಿತು. ಬೆಳಿಗ್ಗೆ ಹಗುರವಾಗಿ ಎದ್ದಿರುತ್ತೇನೆ, ಆ್ಯಪ್ ತೆರೆದರೆ 'ಗಾಢ ನಿದ್ದೆ ಕಡಿಮೆ' ಅಂತಿರುತ್ತದೆ. ಅಷ್ಟೇ, ಆ ದಿನವೆಲ್ಲ ಸುಸ್ತು. ರಾತ್ರಿ ಹಾಸಿಗೆಗೆ ಹೋದರೆ, ಇವತ್ತಾದರೂ ಆ್ಯಪ್ ಕೊಡುವ ನಿದ್ದೆಯ ಸ್ಕೋರ್ ಚೆನ್ನಾಗಿ ಬರಬೇಕು, ಬೇಗ ನಿದ್ದೆ ಬರಬೇಕು ಅನ್ನುವ ಯೋಚನೆ. ಆ ಯೋಚನೆ ಇದ್ದರೆ ನಿದ್ದೆ ಎಲ್ಲಿ ಬರುತ್ತದೆ, ಅಲ್ವಾ? ಇದು ನನ್ನೊಬ್ಬರ ಕಥೆಯಲ್ಲ. ಅಳತೆಯ ಗೀಳಿನಿಂದಲೇ ನಿದ್ದೆ ಕೆಡುವುದಕ್ಕೆ 2017ರಲ್ಲಿ ಅಮೆರಿಕದ ನಿದ್ರಾ ಸಂಶೋಧಕರು ಆರ್ಥೊಸೋಮ್ನಿಯಾ ಅಂತ ಹೆಸರೇ ಇಟ್ಟರು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಂತೂ, ನಿದ್ದೆ ಅಳೆದಂತೆ ಸುಮ್ನೆ ತೋರಿಸಿ ಕೆಲವರಿಗೆ 'ಚೆನ್ನಾಗಿ ಮಲಗಿದ್ದೀರಿ' ಅಂತ, ಇನ್ನು ಕೆಲವರಿಗೆ 'ಸರಿಯಾಗಿ ಮಲಗಿಲ್ಲ' ಅಂತ ಹೇಳಿ, ಆಮೇಲೆ ತಲೆಗೆ ಕೆಲಸ ಕೊಡುವ ಪರೀಕ್ಷೆ ಮಾಡಿದರು. ಚೆನ್ನಾಗಿ ಮಲಗಿದ್ದೀರಿ ಅನ್ನಿಸಿಕೊಂಡವರೇ ಮುಂದಿದ್ದರು!

ಹಾಗಾಗಿ ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಎದ್ದ ಕೂಡಲೇ, ಆ್ಯಪ್ ನೋಡುವ ಮೊದಲು, ಹೇಗನ್ನಿಸುತ್ತಿದೆ, ಸುಮಾರು ಎಷ್ಟೊತ್ತಿಗೆ ಮಲಗಿದೆ, ಮಧ್ಯೆ ಎಚ್ಚರವಾಯಿತಾ ಅಂತ ಒಂದೆರಡು ಸಾಲು. ಆ್ಯಪ್ ನೋಡುವುದು ವಾರಕ್ಕೊಮ್ಮೆ ಮಾತ್ರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮಲಗಿದ, ಎದ್ದ ಸಮಯ ಹೆಚ್ಚುಕಡಿಮೆ ಹೊಂದುತ್ತಿತ್ತು. ಆದರೆ ನಿದ್ದೆ ಬಾರದೆ ಅಲ್ಲಾಡದೆ ಬಿದ್ದುಕೊಂಡಿದ್ದ ಹೊತ್ತನ್ನೂ ಬ್ಯಾಂಡ್ ನಿದ್ದೆಯ ಲೆಕ್ಕಕ್ಕೇ ಹಾಕಿತ್ತು. ಅದಕ್ಕೆ ಕಾರಣವಿದೆ. ನಿದ್ರಾ ಲ್ಯಾಬ್‌ನಲ್ಲಿ ಮೆದುಳಿನ ಅಲೆ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ ಎಲ್ಲ ಅಳೆಯುತ್ತಾರೆ. ಬ್ಯಾಂಡ್‌ಗೆ ಸಿಗುವುದು ಮುಖ್ಯವಾಗಿ ಕೈಯ ಅಲುಗಾಟ ಮತ್ತು ಎದೆಬಡಿತ. ಗಾಢ ನಿದ್ದೆ ಎಷ್ಟು ನಿಮಿಷ ಅನ್ನುವುದು ಅದರ ಅಂದಾಜು. ಅಂದಾಜಿಗೆ ಅಷ್ಟೊಂದು ತಲೆಬಿಸಿ ಬೇಡ.

ಇನ್ನೊಂದು ಮುಖ್ಯ ವಿಷಯ. ಮಧ್ಯರಾತ್ರಿ ಎಚ್ಚರವಾದಾಗ ಕೈಯಲ್ಲೇ ಗಡಿಯಾರ ಇರುತ್ತದೆ, ನೋಡದೆ ಇರಲು ಆಗುವುದಿಲ್ಲ, ನೋಡಿದರೆ ಇನ್ನೆಷ್ಟು ಗಂಟೆ ಉಳಿದಿದೆ ಅನ್ನುವ ಲೆಕ್ಕ ಶುರುವಾಗುತ್ತದೆ. ನಿದ್ದೆ ಬಾರದವರಿಗೆ ಗಡಿಯಾರ ಕಣ್ಣಿಗೆ ಬೀಳದಂತೆ ಇಡಿ ಅಂತ ಡಾಕ್ಟರುಗಳು ಹೇಳುವುದೂ ಇದಕ್ಕೇ. ಈಗ ಸ್ಕ್ರೀನ್ ಬೆಳಗಿನವರೆಗೂ ಆಫ್, ನಡುಗುವ ಅಲಾರಂ ಒಂದೇ ಆನ್. ಪಕ್ಕದಲ್ಲಿ ಮಲಗಿದವರಿಗೆ ತೊಂದರೆಯಿಲ್ಲ.

ಇಷ್ಟಾದ ಮೇಲೆ ಬ್ಯಾಂಡ್ ಬಿಚ್ಚಿಟ್ಟೂ ಕೆಲವು ವಾರ ಮಲಗಿ ನೋಡಿದೆ. ನಿದ್ದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಮತ್ತೆ ಕಟ್ಟಿಕೊಂಡೆ. ಮಲಗುವ ಹೊತ್ತು ದಿನದಿನಕ್ಕೆ ಎಷ್ಟು ಏರುಪೇರಾಗುತ್ತಿದೆ ಅಂತ ನೋಡಲು ಅದು ಒಳ್ಳೆಯದು. ಜ್ವರ ಬಂದರೆ ರಾತ್ರಿಯ ಎದೆಬಡಿತ ಏರುವುದೂ ಕಾಣುತ್ತದೆ.

ಮೊದಲೇ ನಿದ್ದೆಯ ಚಿಂತೆ ಇರುವವರು ಮಾತ್ರ ಬಿಚ್ಚಿಟ್ಟೇ ಮಲಗಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ.