ಮನೆಯಲ್ಲಿ ಎಐ: ಹಳೆಯ 3090 ಕೊಳ್ಳುವಾಗ ಬೆನ್ನು ಮುಟ್ಟಿ ನೋಡಿ

ಮನೆಯ ಪಿಸಿಯಲ್ಲಿ ಎಐ ಓಡಿಸಲು ಗ್ರಾಫಿಕ್ಸ್ ಕಾರ್ಡಿನ ವೇಗಕ್ಕಿಂತ ಮೊದಲು ನೋಡಬೇಕಾದ್ದು ಅದರಲ್ಲಿರುವ ಮೆಮೊರಿ. 32 ಬಿಲಿಯನ್ ಪ್ಯಾರಾಮೀಟರ್‌ನ (ಮಾಡೆಲ್ ಕಲಿತಿಟ್ಟುಕೊಂಡ ಸಂಖ್ಯೆಗಳು) ಭಾಷಾ ಮಾಡೆಲ್, ಪ್ರತಿ ಸಂಖ್ಯೆಯನ್ನು 4 ಬಿಟ್‌ಗೆ ಕುಗ್ಗಿಸಿದರೂ ಸುಮಾರು 20 ಜಿಬಿ ಹಿಡಿಯುತ್ತದೆ. ಜಾಗ ಸಾಲದೆ ಮಾಡೆಲಿನ ಒಂದಷ್ಟು ಭಾಗ ಪಿಸಿಯ ರ‍್ಯಾಮ್‌ಗೆ ಹೋಯಿತೆಂದರೆ ಉತ್ತರ ತೆವಳುತ್ತಾ ಬರುತ್ತದೆ. 24 ಜಿಬಿಯ ಕಾರ್ಡ್‌ಗಳಲ್ಲಿ ಜೇಬಿಗೆ ಹೊಂದುವುದು ಎನ್‌ವಿಡಿಯಾ ಕಂಪನಿಯ 2020ರ ಆರ್‌ಟಿಎಕ್ಸ್ 3090. ಈಗ ಸಿಗುವುದು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್. ಕ್ರಿಪ್ಟೊ ಮೈನಿಂಗ್‌ನಲ್ಲಿ ಹಗಲಿರುಳು ದುಡಿದವೂ ಅದರಲ್ಲಿ ಸೇರಿವೆ.

ಇದರ ದುರ್ಬಲ ಜಾಗ ಬೆನ್ನು. 24 ಮೆಮೊರಿ ಚಿಪ್‌ಗಳಲ್ಲಿ 12 ಹಿಂಬದಿಯಲ್ಲಿವೆ. ಅಲ್ಲಿನ ಶಾಖ ಥರ್ಮಲ್ ಪ್ಯಾಡ್ (ಶಾಖ ಸಾಗಿಸುವ ಮೆತ್ತನೆಯ ಹಾಳೆ) ದಾಟಿ ಹಿಂದಿನ ತಗಡಿನ ಮೂಲಕವೇ ಹೊರಹೋಗಬೇಕು. ಪ್ಯಾಡ್ ಹಾಳಾಗಿದ್ದರೆ ಚಿಪ್ 110 ಡಿಗ್ರಿ ಮುಟ್ಟಿ, ಕಾರ್ಡ್ ತಾನಾಗಿಯೇ ವೇಗ ತಗ್ಗಿಸುತ್ತದೆ.

ಮೊದಲು ಜಿಎಸ್‌ಟಿ ಬಿಲ್ಲಿನ ಸೀರಿಯಲ್ ನಂಬರನ್ನು ಕಾರ್ಡಿನ ಸ್ಟಿಕರ್ ಜೊತೆ ಹೋಲಿಸಿ. ಪವರ್ ಸಾಕೆಟ್ ಕಂದಿದ್ದರೆ ಅಲ್ಲಿಗೇ ಬಿಡಿ. ಕಾರ್ಡನ್ನು ಪಿಸಿಗೆ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ 10496 ಶೇಡರ್ (ಲೆಕ್ಕ ಮಾಡುವ ಘಟಕ), 24 ಜಿಬಿ ಮೆಮೊರಿ ತೋರಿಸುತ್ತದೆಯೇ ನೋಡಿ. ನಂತರ ಓಸಿಸಿಟಿ ಎಂಬ ಪರೀಕ್ಷಾ ಸಾಫ್ಟ್‌ವೇರ್‌ನಲ್ಲಿ ವಿಆರ್‌ಎಎಂ (ಕಾರ್ಡಿನ ಮೆಮೊರಿ) ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ಕಾರ್ಡ್ ಬೇಡ, ಎಷ್ಟೇ ಅಗ್ಗವಾದರೂ. ಐದು ನಿಮಿಷ ಗೇಮ್ ಆಡಿ ತೋರಿಸುವುದು ಪರೀಕ್ಷೆಯಲ್ಲ. ಅಷ್ಟರಲ್ಲಿ ಬೆನ್ನು ಕಾದಿರುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೇ ಇರಲಿ, ಆನ್‌ಲೈನಿನಲ್ಲಿ ಸಿಕ್ಕ ಮಾರಾಟಗಾರರೇ ಇರಲಿ, ಓಡಿಸಲು ಬಿಡದಿದ್ದರೆ ಹಣ ಕೊಡಬೇಡಿ.

ಪರೀಕ್ಷೆ ನಡೆಯುವಾಗ ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್‌ನಲ್ಲಿ ‘ಮೆಮೊರಿ ಜಂಕ್ಷನ್’ (ಮೆಮೊರಿ ಚಿಪ್‌ನ ಒಳಗಿನ ಬಿಸಿ) ಸಾಲಿನ ಮೇಲೆ ಕಣ್ಣಿಡಿ. 100 ಡಿಗ್ರಿಯೊಳಗಿದ್ದರೆ ಒಳ್ಳೆಯದು. ಜಿಪಿಯು ಕೋರ್ (ಕಾರ್ಡಿನ ಮುಖ್ಯ ಚಿಪ್) 65 ಡಿಗ್ರಿ ತೋರಿಸುತ್ತಿದ್ದರೂ ಮೆಮೊರಿ 108ರಲ್ಲಿ ಇರಬಹುದು. ಪ್ಯಾಡ್ ಬದಲಿಸಿದರೆ ಸರಿಹೋಗುವುದುಂಟು, ಆದರೆ ಆ ಕಾರ್ಡಿನ ಮಾಡೆಲ್‌ಗೆ ತಕ್ಕ ದಪ್ಪದ್ದೇ ಹಾಕಬೇಕು. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಭಾಗ) ಮೇಲೆದ್ದು, ಕೋರ್ ಕಾಯತೊಡಗುತ್ತದೆ.

ಕಾರ್ಡ್ 350 ವಾಟ್ ಎಳೆಯುತ್ತದೆ, ಕ್ಷಣಮಾತ್ರಕ್ಕೆ ಇನ್ನೂ ಹೆಚ್ಚು. ಹಾಗಾಗಿ ಒಳ್ಳೆಯ ಕಂಪನಿಯ 850 ವಾಟ್ ಪವರ್ ಸಪ್ಲೈ ಬೇಕು. ಕಾರ್ಡಿನ ಪ್ರತಿ ಸಾಕೆಟ್‌ಗೂ ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲಿನ ಎರಡು ತುದಿಗಳನ್ನು ಚುಚ್ಚಿದರೆ ಅದು ಬಿಸಿಯಾಗುತ್ತದೆ. ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡುವ 600 ವಿಎ ಯುಪಿಎಸ್ ಇದಕ್ಕೆ ಸಾಲದು.

ಮನೆಗೆ ತಂದ ಮೇಲೆ ಕಾರ್ಡಿನ ಡ್ರೈವರ್ ಜೊತೆ ಬರುವ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಬಳಸಿ ಪವರ್ ಲಿಮಿಟನ್ನು 280 ವಾಟ್‌ಗೆ ಇಳಿಸಿ. ಮಾಡೆಲ್ ಉತ್ತರಿಸುವ ವೇಗ ಸ್ವಲ್ಪವಷ್ಟೇ ತಗ್ಗುತ್ತದೆ, ಶಾಖ ಸಾಕಷ್ಟು ಇಳಿಯುತ್ತದೆ. ಪಿಸಿ ರೀಸ್ಟಾರ್ಟ್ ಆದಾಗ ಈ ಮಿತಿ ಅಳಿಸಿಹೋಗುವುದರಿಂದ ಸ್ಟಾರ್ಟ್‌ಅಪ್‌ನಲ್ಲೇ ಸೇರಿಸಿಡಿ.