ಪೆನ್‌ಡ್ರೈವ್ ಬಸ್ಸಲ್ಲಿ ಕಳಿಸುವವರು ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಆಗುವುದಿಲ್ಲ. ಆಟದ (ಯಕ್ಷಗಾನದ) ವಿಡಿಯೊ, ಮದುವೆ ಫೋಟೊ ಎಲ್ಲ ಪೆನ್‌ಡ್ರೈವಿನಲ್ಲಿ ಬಸ್ಸಿನವರ ಕೈಯಲ್ಲೇ ಹೋಗುವುದು. ಕಳಿಸುವ ಮೊದಲು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ, ಫೈಲುಗಳನ್ನೆಲ್ಲ ಒಂದೇ ಕಟ್ಟು ಮಾಡಿ ಬೀಗ ಹಾಕುವ ಉಚಿತ ಸಾಫ್ಟ್‌ವೇರ್ ಅದು. ಜಿಪ್ ಬದಲು 7ಜೆಡ್ ಫಾರ್ಮ್ಯಾಟ್ ಆರಿಸಿ, ಕೆಳಗೆ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಎಂಬಲ್ಲಿ ಟಿಕ್ ಹಾಕಿ. ಇಲ್ಲದಿದ್ದರೆ ಫೈಲ್ ತೆರೆಯದಿದ್ದರೂ ಒಳಗೆ ಏನೇನಿದೆ ಎಂದು ಹೆಸರು ಓದಿಯೇ ಗೊತ್ತಾಗುತ್ತದೆ. ಪಾಸ್‌ವರ್ಡ್ ಫೋನಿನಲ್ಲೇ ಹೇಳಿ. ಚೀಟಿ ಬರೆದು ಅದೇ ಕವರಿಗೆ ತುರುಕುವವರೂ ಇದ್ದಾರೆ ಮಾರಾಯ್ರೆ!

ಪೆನ್‌ಡ್ರೈವಿನಲ್ಲಿ ಜಾಗ ಇದ್ದೂ ದೊಡ್ಡ ವಿಡಿಯೊ ಕಾಪಿ ಆಗದಿದ್ದರೆ ಅದು ಫ್ಯಾಟ್32 (ಪೆನ್‌ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಒಂದು ಹಳೆಯ ಕ್ರಮ) ಇರಬಹುದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ. ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿ (ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಇಳಿಸಿಕೊಳ್ಳಿ).

ಕಾಪಿ ಆದಮೇಲೆ 7-ಜಿಪ್‌ನಲ್ಲೇ 'ಟೆಸ್ಟ್' ಒತ್ತಿ ನೋಡಿ, ಇಜೆಕ್ಟ್ ಕೊಟ್ಟೇ ಕಳಚಿ. ಆಚೆಯವರು ತೆರೆದು ನೋಡಿ ಸರಿ ಇದೆ ಎನ್ನುವವರೆಗೆ ನಿಮ್ಮ ಪ್ರತಿ ಅಳಿಸಬೇಡಿ. ವರ್ಷಗಟ್ಟಲೆ ಇಡಲು ಪೆನ್‌ಡ್ರೈವ್ ಒಂದನ್ನೇ ನೆಚ್ಚಬೇಡಿ; ಎರಡು ಹಾರ್ಡ್‌ಡಿಸ್ಕ್, ಎರಡು ಬೇರೆ ಮನೆಗಳಲ್ಲಿ. ಪಾಸ್‌ವರ್ಡ್ ಮಾತ್ರ ಪುಸ್ತಕದಲ್ಲಿ ಬರೆದಿಡಿ, ಮರೆತರೆ ಯಾವ ಅಂಗಡಿಯವರೂ ತೆಗೆದುಕೊಡಲಾರರು.